ಒಂದೇ ಕುರ್ಚಿಯಿಂದ ಇಪ್ಪತ್ತು ಕಂಪ್ಯೂಟರ್ ಬಂದ್: ವಿದ್ಯೆ ಸುಲಭ, ಜವಾಬ್ದಾರಿ ದೊಡ್ಡದು

ಸಂಜೆ ಶಾಲೆಯ ಗಂಟೆ ಬಾರಿಸುತ್ತಲೇ ಮಕ್ಕಳು ಬಸ್ಸು ಹಿಡಿಯಲು ಓಡುತ್ತಾರೆ. ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಬೀಗ ಬೀಳುತ್ತದೆ. ಒಳಗೆ ಇಪ್ಪತ್ತು ಯಂತ್ರಗಳಿದ್ದರೆ ಅವುಗಳಲ್ಲಿ ಕೆಲವಾದರೂ ರಾತ್ರಿಯಿಡೀ ಎಚ್ಚರವಾಗಿಯೇ ಉಳಿಯುತ್ತವೆ. ಪರದೆ ಕಪ್ಪಾಗಿದೆ, ಹಾಗಾಗಿ ಯಂತ್ರವೂ ಬಂದ್ ಆಗಿದೆ ಎಂದು ನೋಡಿದವರು ತಿಳಿಯುತ್ತಾರೆ. ನಿಜವಾಗಿ ಮಲಗಿರುವುದು ಪರದೆ ಮಾತ್ರ, ಪೆಟ್ಟಿಗೆಯೊಳಗಿನ ಫ್ಯಾನು ತಿರುಗುತ್ತಲೇ ಇರುತ್ತದೆ.

ಇದು ಶಾಲೆಗಳದ್ದು ಮಾತ್ರ ಕಥೆಯಲ್ಲ. ಕಾಸರಗೋಡಿನ ಅಕ್ಷಯ ಕೇಂದ್ರವಿರಲಿ, ಊರಿನ ಸಹಕಾರಿ ಸಂಘದ ಕಚೇರಿ ಇರಲಿ, ಅಕ್ಕಲಕೋಟೆ ಕಡೆಯ ಎಂಎಸ್-ಸಿಐಟಿ ತರಗತಿ ಇರಲಿ, ಹೊಸೂರು ಕಡೆಯ ಇ-ಸೇವೆ ಕೇಂದ್ರವಿರಲಿ, ನಾಲ್ಕಾರು ಕಂಪ್ಯೂಟರುಗಳನ್ನು ಕೇಬಲ್ ಎಳೆದು ಒಂದೇ ಜಾಲಕ್ಕೆ ಸೇರಿಸಿದ ಕಡೆಯೆಲ್ಲ ಸಂಜೆಯ ಪ್ರಶ್ನೆ ಒಂದೇ. ಇವನ್ನೆಲ್ಲ ಬಂದ್ ಮಾಡುವವರು ಯಾರು?

ಒಂದೊಂದರ ಮುಂದೆಯೂ ಹೋಗಿ ಮೌಸ್ ಹಿಡಿಯಬೇಕಾಗಿಲ್ಲ. ಜಾಲದಲ್ಲಿರುವ ಒಂದು ಕಂಪ್ಯೂಟರಿನ ಮುಂದೆ ಕುಳಿತು ಉಳಿದೆಲ್ಲವನ್ನೂ ಬಂದ್ ಮಾಡುವ ಉಪಾಯವಿದೆ. ಅದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಬೇಕಾದ ಆದೇಶ ಮೊದಲೇ ಇದೆ. ಆದರೆ ದೂರದಿಂದ ಯಂತ್ರ ನಿಲ್ಲಿಸುವುದೆಂದರೆ ಕಾಣದ ಇನ್ನೊಬ್ಬರ ಮೇಜಿನ ಮೇಲೆ ಕೈಯಿಟ್ಟಂತೆ. ಆದ್ದರಿಂದ ವಿದ್ಯೆಯ ಜತೆಗೇ ಅದರ ಶಿಸ್ತನ್ನೂ ತಿಳಿದಿರುವುದು ಒಳ್ಳೆಯದು.

ಲೆಕ್ಕ ಏನು ಹೇಳುತ್ತದೆ?

ಮೊದಲು ಕರೆಂಟಿನ ಲೆಕ್ಕ ನೋಡೋಣ. ಕೆಲಸವಿಲ್ಲದೆ ಸುಮ್ಮನೆ ಚಾಲೂ ಇರುವ ಒಂದು ಮೇಜಿನ ಕಂಪ್ಯೂಟರ್ 60 ವ್ಯಾಟ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ಹಳೆಯದಾದರೆ ಇನ್ನಷ್ಟು ಹೆಚ್ಚು, ಹೊಸದಾದರೆ ಕಡಿಮೆ. ಇಪ್ಪತ್ತು ಯಂತ್ರಗಳೂ ಉಳಿದುಹೋದರೆ 1,200 ವ್ಯಾಟ್ ಆಯಿತು. ಸಂಜೆ 5 ಗಂಟೆಯಿಂದ ಮರುದಿನ ಬೆಳಿಗ್ಗೆ 9ರವರೆಗೆ 16 ತಾಸು. ಗುಣಿಸಿದರೆ ಒಂದು ರಾತ್ರಿಗೆ 19 ಯೂನಿಟ್‌ಗೂ ಸ್ವಲ್ಪ ಮೇಲೆ. ಶುಕ್ರವಾರ ಸಂಜೆ ಮರೆತವರು ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಾಗ 64 ತಾಸು ಕಳೆದಿರುತ್ತದೆ, ಸುಮಾರು 77 ಯೂನಿಟ್ ವ್ಯರ್ಥವಾಗಿರುತ್ತದೆ. ಈ ದುಡ್ಡು ಹೋಗುವುದು ಶಾಲೆಯ ಅಥವಾ ಸಂಘದ ಗಂಟಿನಿಂದಲೇ.

ನಷ್ಟ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ರಾತ್ರಿ ಕರೆಂಟು ಹೋದರೆ ಯುಪಿಎಸ್‌ನ ಬ್ಯಾಟರಿ ಯಾರಿಗೂ ಬೇಡದ ಕೆಲಸಕ್ಕೆ ಖಾಲಿಯಾಗುತ್ತದೆ. ಬ್ಯಾಟರಿ ಪೂರ್ತಿ ಬರಿದಾಗುವುದು ಮತ್ತೆ ಮತ್ತೆ ನಡೆದರೆ ಅದರ ಆಯುಸ್ಸು ಕುಗ್ಗುತ್ತದೆ. ಬ್ಯಾಟರಿ ಮುಗಿದು ಯಂತ್ರಗಳು ದಡಕ್ಕನೆ ನಿಂತಾಗ ಬರೆಯುತ್ತಿದ್ದ ಕಡತಗಳು ಕೆಡುವ ಸಂಭವವೂ ಇದೆ. ಕ್ರಮವಾಗಿ ಬಂದ್ ಮಾಡಿದ ಕಂಪ್ಯೂಟರಿಗೆ ಈ ಭಯವಿಲ್ಲ.

ಅರವತ್ತು ಸೆಕೆಂಡಿನ ಆ ಕಿಟಕಿ

2003ರ ಆಗಸ್ಟಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದವರಿಗೆ ಒಂದು ನೋಟ ಚೆನ್ನಾಗಿ ನೆನಪಿರಬಹುದು. ಇಂಟರ್ನೆಟ್ಟಿಗೆ ಸೇರಿಸಿದ ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತಿತ್ತು. ಕಂಪ್ಯೂಟರ್ ನಿಲ್ಲುತ್ತಿದೆ, ಕೆಲಸ ಉಳಿಸಿಕೊಳ್ಳಿ ಎಂಬ ಬರಹ, ಅದರ ಜತೆ 60ರಿಂದ ಕೆಳಗಿಳಿಯುವ ಗಡಿಯಾರ. ಸೊನ್ನೆಯಾದ ಕೂಡಲೇ ಯಂತ್ರ ನಿಂತು ಮತ್ತೆ ಶುರುವಾಗುತ್ತಿತ್ತು. ಪುನಃ ಸೇರಿಸಿದರೆ ಪುನಃ ಅದೇ.

ಅದು ಬ್ಲಾಸ್ಟರ್ ಎಂಬ ಹುಳದ ಕಾಟ. ವಿಂಡೋಸ್ ಒಳಗಿನ ಒಂದು ಸೇವೆಯಲ್ಲಿದ್ದ ದೋಷವನ್ನು ಹಿಡಿದು ಅದು ಜಾಲದ ಮೂಲಕ ಹರಡುತ್ತಿತ್ತು. ಪೆಟ್ಟು ತಿಂದ ಆ ಸೇವೆ ಕುಸಿದಾಗ ವಿಂಡೋಸ್ ತಾನೇ ಗಡಿಯಾರ ತೋರಿಸಿ ನಿಲ್ಲುತ್ತಿತ್ತು. ದೋಷಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ 2003ರ ಜುಲೈಯಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆಗ ಬಲ್ಲವರು ಹೇಳಿಕೊಡುತ್ತಿದ್ದ ಮೊದಲ ಉಪಾಯ ಶಟ್‌ಡೌನ್ ಎಂಬ ಆದೇಶದ್ದು. ಅದರ ಮುಂದೆ ಒಂದು ಅಡ್ಡಗೆರೆ ಮತ್ತು ಎ ಅಕ್ಷರ ಹಾಕಿ ಎಂಟರ್ ಒತ್ತಿದರೆ ಗಡಿಯಾರ ನಿಲ್ಲುತ್ತಿತ್ತು, ತೇಪೆ ಹಾಕಲು ಸಮಯ ಸಿಗುತ್ತಿತ್ತು.

ಇಲ್ಲಿ ಹೇಳಹೊರಟಿರುವುದು ಅದೇ ಆದೇಶದ ಮಾತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಇಂದಿನ ವಿಂಡೋಸ್ 11ರವರೆಗೆ ಅದು ಒಳಗೇ ಇದೆ. ಎಣಿಕೆಯ ಗಡಿಯಾರ ತೋರಿಸುವುದು, ಸಂದೇಶ ಕೊಡುವುದು, ಬೇಡವಾದರೆ ರದ್ದು ಮಾಡುವುದು, ಎಲ್ಲವೂ ಅದರ ಕೆಲಸವೇ. ಹುಳ ಕೇಳದೆ ಮಾಡಿದ್ದನ್ನು ಲ್ಯಾಬಿನ ಹೊಣೆ ಹೊತ್ತವರು ಕೇಳಿ, ಹೇಳಿ, ಕ್ರಮವಾಗಿ ಮಾಡಬೇಕು.

ಮೊದಲು ಹೆಸರು, ಆಮೇಲೆ ಬೀಗದ ಕೈ

ಆದೇಶ ಕೊಡುವ ಮೊದಲು ಮೂರು ಸಿದ್ಧತೆ ಬೇಕು.

ಒಂದನೆಯದು ಹೆಸರು. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ಹೆಸರಿರುತ್ತದೆ. ಅಂಗಡಿಯಿಂದ ಬಂದಾಗ ಇದ್ದ ಉದ್ದುದ್ದ ಅಕ್ಷರ-ಅಂಕೆಗಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಲ್ಯಾಬ್-01, ಲ್ಯಾಬ್-02 ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು, ಅದೇ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೂ ಅಂಟಿಸಿದರೆ ಗೊಂದಲವಿಲ್ಲ. ಹೆಸರು 15 ಅಕ್ಷರ ಮೀರದಿರಲಿ, ನಡುವೆ ಖಾಲಿ ಜಾಗ ಬೇಡ.

ಎರಡನೆಯದು ಅಧಿಕಾರ. ಜಾಲದಲ್ಲಿರುವ ಯಾರು ಬೇಕಾದರೂ ಯಾರ ಯಂತ್ರವನ್ನಾದರೂ ನಿಲ್ಲಿಸುವಂತಿದ್ದರೆ ಗತಿಯೇನು? ಆದ್ದರಿಂದ ವಿಂಡೋಸ್‌ನಲ್ಲಿ ದೂರದಿಂದ ಬಂದ್ ಮಾಡುವುದಕ್ಕೆಂದೇ ಒಂದು ಪ್ರತ್ಯೇಕ ಹಕ್ಕು ಇದೆ. ಯಾರೂ ಬದಲಿಸದಿದ್ದರೆ ಅದು ಅಡ್ಮಿನಿಸ್ಟ್ರೇಟರ್ ಗುಂಪಿನವರಿಗೆ ಮಾತ್ರ. ಹೊಸ ವಿಂಡೋಸ್‌ಗಳಲ್ಲಿ ಇನ್ನೊಂದು ತೊಡಕಿದೆ. ಸ್ಥಳೀಯ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಜಾಲದ ಮೂಲಕ ಬಂದರೆ ಸುರಕ್ಷತೆಗಾಗಿ ಆ ಖಾತೆಯ ಬಲವನ್ನು ವಿಂಡೋಸ್ ಕತ್ತರಿಸಿಬಿಡುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ. ಈ ರಕ್ಷಣೆಯನ್ನೇ ತೆಗೆದುಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಬೇಡ.

ಅದಕ್ಕಿಂತ ಮೇಲಾದ ದಾರಿ ಇದು: ಪ್ರತಿ ಯಂತ್ರದಲ್ಲೂ ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ಒಂದು ಸಾಮಾನ್ಯ ಖಾತೆ ತೆರೆಯಿರಿ. ಲೋಕಲ್ ಸೆಕ್ಯುರಿಟಿ ಪಾಲಿಸಿ ಎಂಬ ಕಿಟಕಿಯಲ್ಲಿ ಬಳಕೆದಾರರ ಹಕ್ಕುಗಳ ಪಟ್ಟಿ ಸಿಗುತ್ತದೆ. ಅಲ್ಲಿ 'ಫೋರ್ಸ್ ಶಟ್‌ಡೌನ್ ಫ್ರಮ್ ಎ ರಿಮೋಟ್ ಸಿಸ್ಟಮ್' ಎಂಬ ಸಾಲಿಗೆ ಈ ಖಾತೆಯನ್ನು ಸೇರಿಸಿ. ಮನೆಯ ಎಲ್ಲ ಬೀಗದ ಕೈಗಳ ಗೊಂಚಲು ಕೊಡುವ ಬದಲು ತೋಟದ ಗೇಟಿನ ಕೀಲಿ ಒಂದನ್ನೇ ಕೊಟ್ಟಂತೆ ಇದು. ಆ ಖಾತೆಯ ಪಾಸ್‌ವರ್ಡ್ ಯಾರಿಗಾದರೂ ಗೊತ್ತಾದರೂ ಅವರು ಅಡ್ಮಿನಿಸ್ಟ್ರೇಟರ್ ಆಗಲಾರರು. ಪಾಸ್‌ವರ್ಡ್ ಖಾಲಿ ಬಿಟ್ಟರೆ ಕೆಲಸ ನಡೆಯುವುದಿಲ್ಲ. ಖಾಲಿ ಪಾಸ್‌ವರ್ಡಿನ ಖಾತೆಗೆ ಜಾಲದ ಮೂಲಕ ಬರಲು ವಿಂಡೋಸ್ ಬಿಡುವುದಿಲ್ಲ. ಇನ್ನೊಂದು ವಿಷಯ, ಈ ಪಾಲಿಸಿ ಕಿಟಕಿ ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಇಲ್ಲ, ಪ್ರೊ ಆವೃತ್ತಿಯಲ್ಲಿದೆ.

ಮೂರನೆಯದು ಬಾಗಿಲು. ವಿಂಡೋಸ್‌ನ ಫೈರ್‌ವಾಲ್ ಹೊರಗಿನಿಂದ ಬರುವ ಕರೆಗಳನ್ನು ತಡೆಯುತ್ತದೆ. ಅದರ ಒಳಬರುವ ನಿಯಮಗಳ ಪಟ್ಟಿಯಲ್ಲಿ ರಿಮೋಟ್ ಶಟ್‌ಡೌನ್ ಎಂಬ ಹೆಸರಿನ ನಿಯಮಗಳು ಸಿದ್ಧವಾಗಿಯೇ ಇರುತ್ತವೆ. ಅವನ್ನು ಖಾಸಗಿ ಜಾಲಕ್ಕೆ ಮಾತ್ರ ತೆರೆಯಬೇಕು. ಟೀಚರ್ ಕುಳಿತುಕೊಳ್ಳುವ ಕಂಪ್ಯೂಟರಿನ ವಿಳಾಸಕ್ಕೆ ಮಾತ್ರ ಬಿಟ್ಟರೆ ಇನ್ನೂ ಒಳ್ಳೆಯದು. ಕೆಲಸ ಆಗುತ್ತಿಲ್ಲವೆಂದು ಫೈರ್‌ವಾಲನ್ನೇ ಪೂರ್ತಿ ಮುಚ್ಚಿಬಿಡುವುದು ದನ ಒಳಬರಲಿ ಎಂದು ಬೇಲಿಯನ್ನೇ ಕಿತ್ತುಹಾಕಿದಂತೆ.

ಆದೇಶದ ಒಂದೊಂದೇ ತುಂಡು

ಸಿದ್ಧತೆ ಮುಗಿದರೆ ಆದೇಶ ಒಂದೇ ಸಾಲಿನದು. ಟೀಚರ್ ಕಂಪ್ಯೂಟರಿನಲ್ಲಿಯೂ ಅದೇ ಹೆಸರಿನ ಖಾತೆ ತೆರೆದು, ಅದರಿಂದ ಒಳಹೋಗಿ, ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಬರೆಯಬೇಕು. ಫೋನಿನಲ್ಲಿ ಹೇಳಿ ಬರೆಸುವಂತೆ ಹೇಳುವುದಾದರೆ ಹೀಗೆ: ಶಟ್‌ಡೌನ್, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಎಂ, ಸ್ಪೇಸ್, ಎಡಕ್ಕೆ ವಾಲಿದ ಎರಡು ಸ್ಲ್ಯಾಶ್, ಅದಕ್ಕೆ ಅಂಟಿಕೊಂಡೇ ಕಂಪ್ಯೂಟರಿನ ಹೆಸರು, ಸ್ಪೇಸ್, ಸ್ಲ್ಯಾಶ್ ಟಿ, ಸ್ಪೇಸ್, 120, ಸ್ಪೇಸ್, ಸ್ಲ್ಯಾಶ್ ಸಿ, ಸ್ಪೇಸ್, ಕೊನೆಗೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಸಂದೇಶ.

ಎಸ್ ಎಂದರೆ ನಿಲ್ಲಿಸು. ಅದರ ಬದಲು ಆರ್ ಬರೆದರೆ ನಿಂತು ಮತ್ತೆ ಶುರುವಾಗುತ್ತದೆ. ಎಂ ಎಂದರೆ ಯಾವ ಯಂತ್ರ ಎಂಬುದು. ಇದನ್ನು ಬಿಟ್ಟರೆ ಆದೇಶ ಕೊಟ್ಟವರ ಕಂಪ್ಯೂಟರೇ ಬಂದ್ ಆಗುತ್ತದೆ. ಟಿ ಎಂದರೆ ಎಷ್ಟು ಸೆಕೆಂಡಿನ ನಂತರ. ಏನೂ ಹೇಳದಿದ್ದರೆ 30 ಸೆಕೆಂಡ್. ಸಿ ಎಂದರೆ ಎದುರಿನ ಪರದೆಯಲ್ಲಿ ಕಾಣಬೇಕಾದ ಮಾತು, 512 ಅಕ್ಷರಗಳವರೆಗೆ ಬರೆಯಬಹುದು.

ಇಲ್ಲಿ ಬಹಳ ಜನ ತಿಳಿಯದ ಒಂದು ಸಂಗತಿ ಇದೆ. ಎಫ್ ಎಂಬ ಇನ್ನೊಂದು ಅಕ್ಷರವಿದೆ. ಅದು ತೆರೆದಿರುವ ಕಡತಗಳನ್ನು ಉಳಿಸಬೇಕೇ ಎಂದು ಕೇಳದೆ ಬಲವಂತವಾಗಿ ಮುಚ್ಚುವ ಆಜ್ಞೆ. 'ನಾವು ಎಫ್ ಹಾಕಿಲ್ಲ, ಎರಡು ನಿಮಿಷ ಸಮಯ ಕೊಟ್ಟಿದ್ದೇವೆ, ಉಳಿಸದ ಕೆಲಸವಿದ್ದರೆ ಕಂಪ್ಯೂಟರ್ ತಾನೇ ಕೇಳುತ್ತದೆ' ಎಂದು ನಂಬಿದವರಿದ್ದಾರೆ. ಹಾಗಿಲ್ಲ. ಸೊನ್ನೆಗಿಂತ ಹೆಚ್ಚು ಸಮಯ ಕೊಟ್ಟರೆ ಎಫ್ ಬರೆಯದಿದ್ದರೂ ಬರೆದಂತೆಯೇ ಲೆಕ್ಕ. ಗಡಿಯಾರ ಸೊನ್ನೆಗೆ ಬಂದಾಗ ಯಾರ ಕೆಲಸ ಅರ್ಧದಲ್ಲಿದ್ದರೂ ಮುಚ್ಚಿಹೋಗುತ್ತದೆ.

ಎಸ್ಸೆಸ್ಸೆಲ್ಸಿಯ ಹುಡುಗಿಯೊಬ್ಬಳು ಮೂಲೆಯ ಯಂತ್ರದಲ್ಲಿ ಕುಳಿತು ಐಟಿ ಪ್ರಾಯೋಗಿಕ ಪರೀಕ್ಷೆಗಾಗಿ ಒಂದು ತಾಸು ಅಭ್ಯಾಸ ಮಾಡಿರಬಹುದು. ಸಂಘದ ಗುಮಾಸ್ತರು ಸದಸ್ಯರ ಲೆಕ್ಕ ಅರ್ಧ ತುಂಬಿಸಿ ಚಹಾಕ್ಕೆ ಎದ್ದಿರಬಹುದು. ಅವರ ಪಾಲಿಗೆ ಆ ಎರಡು ನಿಮಿಷವೇ ಎಲ್ಲ. ಆದ್ದರಿಂದ ಸಮಯ ಧಾರಾಳವಾಗಿರಲಿ, ಐದು ನಿಮಿಷಕ್ಕೆ 300 ಎಂದು ಬರೆಯಿರಿ. ಸಂದೇಶ ಸ್ಪಷ್ಟವಾಗಿರಲಿ: ಎಷ್ಟು ನಿಮಿಷ, ಏನು ಮಾಡಬೇಕು, ಬೇಡವಾದರೆ ಯಾರಿಗೆ ಹೇಳಬೇಕು. ಗಡಿನಾಡಿನ ಲ್ಯಾಬಿನಲ್ಲಿ ಕನ್ನಡದವರೂ ಮಲಯಾಳದವರೂ ಕೂಡಿ ಕುಳಿತಿರುತ್ತಾರೆ, ಎರಡೂ ಭಾಷೆಯಲ್ಲಿ ಒಂದೊಂದು ಸಾಲು ಹಾಕಿದರೆ ಯಾರಿಗೂ ಅರ್ಥವಾಗಲಿಲ್ಲ ಎಂಬ ಮಾತಿಲ್ಲ. ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರ ಕೆಲವೊಮ್ಮೆ ಪ್ರಶ್ನೆ ಚಿಹ್ನೆಗಳಾಗಿ ಒಡೆದುಹೋಗುತ್ತವೆ. ಹಾಗಾದರೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಮಾತನ್ನು ಬರೆದರೂ ಆಯಿತು, ಮೊಬೈಲಿನಲ್ಲಿ ನಾವೆಲ್ಲ ಬರೆಯುವಂತೆ.

ಯಾರಾದರೂ 'ಸ್ವಲ್ಪ ನಿಲ್ಲಿಸಿ' ಎಂದರೆ ಅದೇ ಆದೇಶದಲ್ಲಿ ಎಸ್ ಬದಲು ಎ ಬರೆದು, ಎಂ ಮತ್ತು ಆ ಯಂತ್ರದ ಹೆಸರು ಮಾತ್ರ ಉಳಿಸಿ ಎಂಟರ್ ಒತ್ತಿ. ಗಡಿಯಾರ ಸೊನ್ನೆಗೆ ಬರುವ ಮೊದಲು ಒತ್ತಿದರೆ ಮಾತ್ರ ಅದು ರದ್ದಾಗುತ್ತದೆ.

ಬರೆಯುವುದೇ ಬೇಡ ಎನ್ನುವವರಿಗೆ ಶಟ್‌ಡೌನ್ ಮುಂದೆ ಸ್ಲ್ಯಾಶ್ ಐ ಎಂದಷ್ಟೇ ಬರೆದರೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಕಂಪ್ಯೂಟರುಗಳ ಹೆಸರು ಸೇರಿಸಿ, ಸೆಕೆಂಡು, ಕಾರಣ, ಸಂದೇಶ ತುಂಬಿಸಿ ಓಕೆ ಒತ್ತಬಹುದು. ಮೊದಲ ಸಲ ಕಲಿಯುವವರಿಗೆ ಇದೇ ಸಲೀಸು.

ಪಟ್ಟಿ ಓದುವ ಕಡತ

ಇಪ್ಪತ್ತು ಯಂತ್ರಕ್ಕೆ ಇಪ್ಪತ್ತು ಸಲ ಬರೆಯುವುದಾದರೆ ಎದ್ದು ಹೋಗಿ ಬಂದ್ ಮಾಡುವುದೇ ವಾಸಿ. ಇಲ್ಲಿ ನೆರವಿಗೆ ಬರುವುದು ಸ್ಕ್ರಿಪ್ಟ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಮದುವೆಯ ಕಾಗದ ಹಂಚಲು ಹೊರಟ ಹುಡುಗನ ಕೈಗೆ ಮನೆಗಳ ಪಟ್ಟಿ ಕೊಟ್ಟು, 'ಪ್ರತಿ ಮನೆಗೂ ಹೋಗಿ ಇದೇ ಮಾತು ಹೇಳು' ಎನ್ನುತ್ತೇವಲ್ಲ, ಸ್ಕ್ರಿಪ್ಟ್ ಮಾಡುವುದೂ ಅಷ್ಟೇ.

ನೋಟ್‌ಪ್ಯಾಡಿನಲ್ಲಿ ಒಂದು ಕಡತ ತೆರೆದು ಸಾಲಿಗೊಂದರಂತೆ ಕಂಪ್ಯೂಟರುಗಳ ಹೆಸರು ಬರೆಯಿರಿ. ಇದು ಪಟ್ಟಿ. ಇನ್ನೊಂದು ಕಡತದಲ್ಲಿ ಫಾರ್ ಎಂಬ ಪದದಿಂದ ಶುರುವಾಗುವ ಒಂದು ಸಾಲು. ಅದರ ಅರ್ಥ, ಈ ಪಟ್ಟಿಯ ಪ್ರತಿ ಹೆಸರನ್ನೂ ಒಂದೊಂದಾಗಿ ತೆಗೆದುಕೊಂಡು ಡು ಎಂಬ ಪದದ ಮುಂದಿರುವ ಆದೇಶವನ್ನು ನಡೆಸು ಎಂದು. ಡು ಮುಂದೆ ಮೇಲೆ ಹೇಳಿದ ಶಟ್‌ಡೌನ್ ಸಾಲು, ಯಂತ್ರದ ಹೆಸರಿರಬೇಕಾದ ಜಾಗದಲ್ಲಿ ಎರಡು ಶೇಕಡಾ ಚಿಹ್ನೆ ಮತ್ತು ಒಂದು ಅಕ್ಷರ. ಕಡತವನ್ನು ಬ್ಯಾಟ್ ಎಂಬ ಬಾಲ ಹಚ್ಚಿ ಉಳಿಸಿದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಇಡೀ ಪಟ್ಟಿ ಓಡುತ್ತದೆ. ಹೊಸ ವಿಂಡೋಸ್‌ಗಳಲ್ಲಿ ಪವರ್‌ಶೆಲ್ ಎಂಬ ಇನ್ನೊಂದು ಕಿಟಕಿಯಿದೆ. ಅದರಲ್ಲಿ ಸ್ಟಾಪ್-ಕಂಪ್ಯೂಟರ್ ಎಂಬ ಆದೇಶಕ್ಕೆ ಹಲವು ಹೆಸರುಗಳನ್ನು ಒಟ್ಟಿಗೇ ಕೊಡಬಹುದು.

ಮೊದಲೇ ಬಂದ್ ಆಗಿರುವ ಯಂತ್ರ ಪಟ್ಟಿಯಲ್ಲಿದ್ದರೆ ಸ್ಕ್ರಿಪ್ಟ್ ಅದರ ಬಾಗಿಲು ತಟ್ಟಿ ಸ್ವಲ್ಪ ಹೊತ್ತು ಕಾಯುತ್ತದೆ. ಹಾಗಾಗಿ ಮೊದಲು ಪಿಂಗ್ ಎಂಬ ಆದೇಶದಿಂದ 'ಇದ್ದೀಯಾ?' ಎಂದು ಕೇಳಿ, ಉತ್ತರ ಬಂದವರಿಗೆ ಮಾತ್ರ ಮಾತು ಮುಟ್ಟಿಸುವುದು ವಾಡಿಕೆ. ಯಾವ ಯಂತ್ರಕ್ಕೆ ಆದೇಶ ತಲುಪಿತು, ಯಾವುದಕ್ಕೆ ತಲುಪಲಿಲ್ಲ ಎಂಬುದನ್ನು ಇನ್ನೊಂದು ಕಡತಕ್ಕೆ ಬರೆಸಿಟ್ಟರೆ ಮರುದಿನ ನೋಡಬಹುದು.

ಪಟ್ಟಿ ಬರೆಯುವಾಗ ಎರಡು ಎಚ್ಚರ. ಆದೇಶ ಕೊಡುವ ಕಂಪ್ಯೂಟರಿನ ಹೆಸರು ಪಟ್ಟಿಯಲ್ಲಿರಬಾರದು. ಎಲ್ಲರ ಲೆಕ್ಕ ಇಟ್ಟುಕೊಳ್ಳುವ ಮುಖ್ಯ ಯಂತ್ರ, ಅಂದರೆ ಸರ್ವರ್, ಅದಂತೂ ಇರಲೇಬಾರದು. ಸಹಕಾರಿ ಸಂಘ, ಬ್ಯಾಂಕುಗಳಲ್ಲಿ ದಿನದ ಲೆಕ್ಕ ಮುಚ್ಚುವ ಕೆಲಸ ಸಂಜೆಯ ನಂತರವೂ ಸರ್ವರಿನಲ್ಲಿ ನಡೆಯುತ್ತಿರಬಹುದು. ಅಂಥ ಕಡೆ ತಂತ್ರಾಂಶ ಕೊಟ್ಟವರನ್ನು ಕೇಳದೆ ಸ್ಕ್ರಿಪ್ಟ್ ಮುಟ್ಟಬೇಡಿ. ಹೊಸ ಸ್ಕ್ರಿಪ್ಟನ್ನು ಮೊದಲ ದಿನವೇ ಇಪ್ಪತ್ತರ ಮೇಲೂ ಓಡಿಸಬೇಡಿ. ಪಟ್ಟಿಯಲ್ಲಿ ಒಂದೇ ಹೆಸರಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ ಪರೀಕ್ಷಿಸಿ.

ಕೇರಳದ ಶಾಲೆಗಳಲ್ಲಿ ಲಿನಕ್ಸ್

ಕಾಸರಗೋಡು, ವಯನಾಡಿನ ಓದುಗರು 'ನಮ್ಮ ಶಾಲೆಯಲ್ಲಿ ವಿಂಡೋಸ್ ಇಲ್ಲವಲ್ಲ' ಎನ್ನಬಹುದು. ಸರಿಯೇ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, ಶಾಲೆಗಳ ಕಂಪ್ಯೂಟರ್ ಶಿಕ್ಷಣ ಕ್ರಮೇಣ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಅದು ಕೊಡುವುದು ಉಬುಂಟು ಆಧಾರದ ಲಿನಕ್ಸ್. ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಅದರ ಮೇಲೆಯೇ.

ಲಿನಕ್ಸ್‌ನಲ್ಲಿ ದೂರದ ಯಂತ್ರದೊಳಗೆ ಹೋಗಲು ಎಸ್‌ಎಸ್‌ಎಚ್ ಎಂಬ ದಾರಿಯಿದೆ. ಉಬುಂಟುವಿನ ಮೇಜಿನ ಆವೃತ್ತಿಯಲ್ಲಿ ಇದರ ಸರ್ವರ್ ಭಾಗ ಮೊದಲೇ ಇರುವುದಿಲ್ಲ, ಪ್ರತಿ ಯಂತ್ರದಲ್ಲೂ ಒಮ್ಮೆ ಹಾಕಿಕೊಳ್ಳಬೇಕು. ಪ್ರತಿ ಸಲ ಪಾಸ್‌ವರ್ಡ್ ಕೊಡುವ ಬದಲು ಕೀಲಿಗಳ ಜೋಡಿ ಮಾಡಿಕೊಳ್ಳಬಹುದು. ಒಂದು ಭಾಗ ಟೀಚರ್ ಕಂಪ್ಯೂಟರಿನಲ್ಲಿ ಗುಟ್ಟಾಗಿ, ಇನ್ನೊಂದು ಭಾಗ ಲ್ಯಾಬಿನ ಎಲ್ಲ ಯಂತ್ರಗಳಲ್ಲಿ. ಸುಡೋ ಎಂಬ ವ್ಯವಸ್ಥೆಯಲ್ಲಿ ಆ ಖಾತೆಗೆ ಶಟ್‌ಡೌನ್ ಆದೇಶ ಒಂದಕ್ಕೆ ಮಾತ್ರ ಪಾಸ್‌ವರ್ಡ್ ಇಲ್ಲದ ಅನುಮತಿ ಕೊಡಬೇಕು. ಇಲ್ಲಿಯೂ ಸೂತ್ರ ಅದೇ: ಇಡೀ ಗೊಂಚಲು ಬೇಡ, ಒಂದೇ ಕೀಲಿ ಸಾಕು.

ಲಿನಕ್ಸ್‌ನ ಶಟ್‌ಡೌನ್ ಎಣಿಸುವುದು ನಿಮಿಷಗಳನ್ನು. ಪ್ಲಸ್ 5 ಎಂದು ಬರೆದರೆ ಐದು ನಿಮಿಷದ ನಂತರ ನಿಲ್ಲುತ್ತದೆ. ಅಡ್ಡಗೆರೆ ಹಾಕಿ ಸಿ ಎಂದರೆ ರದ್ದು. ವಿಂಡೋಸ್‌ನಲ್ಲಿ ಸಿ ಎಂದರೆ ಸಂದೇಶ, ಇಲ್ಲಿ ಸಿ ಎಂದರೆ ರದ್ದು, ಎರಡನ್ನೂ ಬಳಸುವವರು ಇದನ್ನು ನೆನಪಿಡಬೇಕು.

ಇಲ್ಲಿ ಎರಡು ತೊಡಕುಗಳಿವೆ. ಒಂದು, ಲಿನಕ್ಸ್ ಕಳಿಸುವ ಎಚ್ಚರಿಕೆ ಟರ್ಮಿನಲ್ ಕಿಟಕಿಗಳಿಗೆ ಮಾತ್ರ ಹೋಗುತ್ತದೆ. ಚಿತ್ರ ಬಿಡಿಸುತ್ತಲೋ ಪಠ್ಯ ಬರೆಯುತ್ತಲೋ ಕುಳಿತ ಮಗುವಿಗೆ ಅದು ಕಾಣದೇ ಹೋಗಬಹುದು. ಆದ್ದರಿಂದ ಬಾಯಲ್ಲಿ ಒಮ್ಮೆ ಕೂಗಿ ಹೇಳುವುದೇ ಸರಿ. ಎರಡು, ಪಟ್ಟಿಯನ್ನು ಸಾಲುಸಾಲಾಗಿ ಓದುವ ಸ್ಕ್ರಿಪ್ಟ್ ಬರೆದಾಗ ಮೊದಲ ಯಂತ್ರ ಮಾತ್ರ ಬಂದ್ ಆಗಿ ಉಳಿದವು ಹಾಗೆಯೇ ಇರುವುದುಂಟು. ಎಲ್ಲಿ ತಪ್ಪಿತೆಂದು ಹುಡುಕಿ ತಲೆ ಕೆಡಿಸಿಕೊಂಡವರು ಬಹಳ. ಕಾರಣ ಇಷ್ಟೇ: ಎಸ್‌ಎಸ್‌ಎಚ್ ತಾನು ಹೋಗುವಾಗ ಪಟ್ಟಿಯ ಉಳಿದ ಸಾಲುಗಳನ್ನೂ ನುಂಗಿಬಿಡುತ್ತದೆ. ಎಸ್‌ಎಸ್‌ಎಚ್ ಮುಂದೆ ಅಡ್ಡಗೆರೆ ಹಾಕಿ ಎನ್ ಬರೆದರೆ ಅದು ಪಟ್ಟಿಗೆ ಬಾಯಿ ಹಾಕುವುದಿಲ್ಲ.

ಅನುಮತಿ ಇಲ್ಲ ಎಂದರೆ

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಎದುರಾಗುತ್ತವೆ. ಮೊದಲನೆಯದು ಅನುಮತಿ ನಿರಾಕರಿಸಲಾಗಿದೆ ಎಂಬುದು, ಅದರ ಸಂಖ್ಯೆ 5. ಬಾಗಿಲವರೆಗೆ ಹೋದಿರಿ, ಕೀಲಿ ಸರಿಯಿಲ್ಲ ಎಂದರ್ಥ. ಖಾತೆಯ ಹೆಸರು, ಪಾಸ್‌ವರ್ಡ್, ಹಕ್ಕಿನ ಪಟ್ಟಿ ನೋಡಿ. ಎರಡನೆಯದು ಜಾಲದ ದಾರಿ ಸಿಗಲಿಲ್ಲ ಎಂಬುದು, ಸಂಖ್ಯೆ 53. ಬಾಗಿಲೇ ಸಿಗಲಿಲ್ಲ ಎಂದರ್ಥ. ಹೆಸರು ತಪ್ಪಿದೆಯೇ, ಕೇಬಲ್ ಕಳಚಿದೆಯೇ, ಫೈರ್‌ವಾಲ್ ತಡೆಯುತ್ತಿದೆಯೇ ಎಂದು ಹುಡುಕಿ. ಈ ಎರಡರ ವ್ಯತ್ಯಾಸ ತಿಳಿದರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ಅದೇ ಬಾಗಿಲಿಂದ ಕಳ್ಳನೂ ಬರುತ್ತಾನೆ

ದೂರದಿಂದ ಬಂದ್ ಮಾಡಲು ವಿಂಡೋಸ್ ಬಳಸುವ ದಾರಿಗಳಲ್ಲಿ ಒಂದು ಕಡತ ಹಂಚಿಕೆಗೆ ಬಳಸುವ 445ನೇ ಪೋರ್ಟ್. 2017ರ ಮೇ 12ರಂದು ಜಗತ್ತಿಗೆಲ್ಲ ಹರಡಿದ ವಾನ್ನಾಕ್ರೈ ಎಂಬ ಹುಳ ನುಗ್ಗಿದ್ದು ಇದೇ ದಾರಿಯಿಂದ. ಕಡತಗಳನ್ನೆಲ್ಲ ಬೀಗ ಹಾಕಿ, ಬಿಡಿಸಲು ಹಣ ಕೇಳುತ್ತಿತ್ತು. ಆಗ ನಮ್ಮ ವಯನಾಡಿನ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳೂ ಅದರ ಬಾಯಿಗೆ ಬಿದ್ದವು. ದೋಷಕ್ಕೆ ತೇಪೆ ಆ ವರ್ಷದ ಮಾರ್ಚಿನಲ್ಲೇ ಬಂದಿತ್ತು. 2003ರ ಬ್ಲಾಸ್ಟರ್ ಕಲಿಸಿದ ಪಾಠವನ್ನೇ 14 ವರ್ಷದ ಮೇಲೆ ಮತ್ತೆ ಕಲಿಯಬೇಕಾಯಿತು.

ಹಾಗೆಂದು ಬಾಗಿಲು ತೆರೆಯಲೇಬಾರದು ಎಂದಲ್ಲ. ಒಳಗಿನ ಜಾಲಕ್ಕೆ ಮಾತ್ರ ತೆರೆಯಬೇಕು, ಇಂಟರ್ನೆಟ್ ಕಡೆಗೆ ಮುಚ್ಚಿರಬೇಕು, ತೇಪೆಗಳನ್ನು ಸಕಾಲಕ್ಕೆ ಹಾಕಿಕೊಳ್ಳಬೇಕು. ವಿಂಡೋಸ್ ಎಕ್ಸ್‌ಪಿಗೆ ತೇಪೆ ಕೊಡುವುದನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲಿ ನಿಲ್ಲಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಹಳೆಯ ಯಂತ್ರಗಳಿರುವ ಜಾಲದಲ್ಲಿ ಬಾಗಿಲು ತೆರೆಯುವ ಮೊದಲು ಎರಡು ಸಲ ಯೋಚಿಸಬೇಕು.

ಸ್ಕ್ರಿಪ್ಟ್ ಕಡತದೊಳಗೇ ಪಾಸ್‌ವರ್ಡ್ ಬರೆದಿಡುವ ಅಭ್ಯಾಸ ಬೇಡ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚೌಕಟ್ಟಿನ ಮೇಲಿಟ್ಟು ಹೋಗುವುದು ಊರಿಗೆಲ್ಲ ಗೊತ್ತಿರುವ ಪದ್ಧತಿ, ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ.

ಹುಡುಗಾಟಕ್ಕೆಂದು ಬೇರೆಯವರ ಕಂಪ್ಯೂಟರ್ ನಿಲ್ಲಿಸುವುದು ಕಾನೂನಿನ ಕಣ್ಣಿನಲ್ಲಿ ಹುಡುಗಾಟವಲ್ಲ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಅಡ್ಡಿಪಡಿಸುವುದು, ಬಳಸಬೇಕಾದವರಿಗೆ ಸಿಗದಂತೆ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಂತೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಕೇಂದ್ರದ ಕಾಯ್ದೆ, ಗಡಿಯ ಈಚೆಗೂ ಆಚೆಗೂ ಒಂದೇ.

ಇನ್ನೂ ಸರಳ ದಾರಿಗಳು

ನಾಲ್ಕೈದೇ ಕಂಪ್ಯೂಟರ್ ಇರುವವರು ಇಷ್ಟೆಲ್ಲ ಮಾಡಬೇಕಾಗಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಅಥವಾ ಲಿನಕ್ಸ್‌ನ ಕ್ರಾನ್‌ನಲ್ಲಿ ದಿನಾ ಸಂಜೆ 5.45ಕ್ಕೆ ಬಂದ್ ಆಗು ಎಂದು ಪ್ರತಿ ಯಂತ್ರಕ್ಕೂ ಒಮ್ಮೆ ಹೇಳಿಟ್ಟರೆ ಸಾಕು. ಜಾಲದ ಪಾಸ್‌ವರ್ಡೂ ಬೇಡ, ಬಾಗಿಲು ತೆರೆಯುವುದೂ ಬೇಡ. ಪ್ರತಿ ಯಂತ್ರ ತನ್ನ ಗಡಿಯಾರ ನೋಡಿ ತಾನೇ ಮಲಗುತ್ತದೆ. ಇಲ್ಲಿಯೂ ಎಚ್ಚರಿಕೆಯ ನಿಮಿಷಗಳನ್ನು ಮರೆಯಬೇಡಿ.

ದೊಡ್ಡ ಲ್ಯಾಬಿಗೆ ವೇಯಾನ್ ಎಂಬ ಉಚಿತ ಸ್ವತಂತ್ರ ತಂತ್ರಾಂಶವಿದೆ, ಮೊದಲು ಇದರ ಹೆಸರು ಐಟಾಲ್ಕ್. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಎಲ್ಲ ಪರದೆಗಳೂ ಟೀಚರ ಮುಂದೆ ಪುಟ್ಟ ಚೌಕಗಳಾಗಿ ಕಾಣುವುದರಿಂದ ಯಾರು ಇನ್ನೂ ಕೆಲಸದಲ್ಲಿದ್ದಾರೆ ಎಂದು ನೋಡಿಯೇ ಬಂದ್ ಮಾಡಬಹುದು. ಲಿನಕ್ಸ್ ಲ್ಯಾಬುಗಳಿಗೆ ಎಪೋಪ್ಟಿಸ್ ಎಂಬುದೂ ಇದೆ.

ಬಂದ್ ಮಾಡಿದ್ದನ್ನು ಬೆಳಿಗ್ಗೆ ದೂರದಿಂದಲೇ ಚಾಲೂ ಮಾಡಬಹುದೇ? ಯಂತ್ರದಲ್ಲಿ ವೇಕ್-ಆನ್-ಲ್ಯಾನ್ ಸೌಲಭ್ಯವಿದ್ದು, ಅದನ್ನು ತೆರೆದಿಟ್ಟು, ಕರೆಂಟು ಮತ್ತು ಕೇಬಲ್ ಸಂಪರ್ಕದಲ್ಲಿದ್ದರೆ ಆಗುತ್ತದೆ. ಅದು ಬೇರೆಯೇ ವಿದ್ಯೆ.

ಸಿಡಿಲಿಗೆ ಸ್ಕ್ರಿಪ್ಟ್ ಮದ್ದಲ್ಲ

ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೂ, ಅಕ್ಟೋಬರ್-ನವೆಂಬರಿನ ತುಲಾವರ್ಷಕ್ಕೂ ಕೇರಳದ ಕಡೆ ಗುಡುಗು ಸಿಡಿಲಿನ ಅಬ್ಬರ ಜೋರು. ಶಟ್‌ಡೌನ್ ಆಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಬಂದ್ ಆದ ಕಂಪ್ಯೂಟರಿಗೂ ಕರೆಂಟಿನ ತಂತಿ ಅಂಟಿಕೊಂಡೇ ಇರುತ್ತದೆ, ಜಾಲದ ಕೇಬಲ್ ಕೂಡ. ಸಿಡಿಲಿನ ಏಟು ಈ ಎರಡೂ ದಾರಿಯಿಂದ ಒಳಬರಬಲ್ಲದು. ಪ್ಲಗ್ ಕಿತ್ತು, ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ತೆಗೆದಿಟ್ಟರೆ ಮಾತ್ರ ರಕ್ಷಣೆ. ಆ ಕೆಲಸವನ್ನು ಯಾವ ಸ್ಕ್ರಿಪ್ಟೂ ಮಾಡುವುದಿಲ್ಲ. ಅದನ್ನು ಸಿಡಿಲು ಹತ್ತಿರ ಬರುವ ಮೊದಲೇ ಮಾಡಬೇಕು.

ಆದೇಶ ಕೊಟ್ಟ ಕೂಡಲೇ ಮೇನ್ ಸ್ವಿಚ್ ತೆಗೆಯುವುದೂ ತಪ್ಪು. ಎಣಿಕೆ ಮುಗಿಯಬೇಕು, ಕೆಲವು ಯಂತ್ರಗಳು ನಿಲ್ಲುವ ಹೊತ್ತಿಗೆ ತೇಪೆ ಹಾಕಿಕೊಳ್ಳುತ್ತಿರುತ್ತವೆ. ಎಲ್ಲ ಪೆಟ್ಟಿಗೆಗಳ ದೀಪ ಆರಿ, ಫ್ಯಾನುಗಳ ಸದ್ದು ನಿಂತ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಬೇಕು.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಬಾಯಲ್ಲಿ ಒಮ್ಮೆ ಹೇಳಿ, ಐದು ನಿಮಿಷದ ಗಡಿಯಾರದೊಂದಿಗೆ ಸ್ಕ್ರಿಪ್ಟ್ ಓಡಿಸಿ, ಲ್ಯಾಬಿಗೊಂದು ಸುತ್ತು ಹಾಕಿ, ಸದ್ದು ನಿಂತ ಮೇಲೆ ಸ್ವಿಚ್ ತೆಗೆಯಿರಿ. ಕುರ್ಚಿ ಬಿಟ್ಟು ಏಳದೆ ಇಪ್ಪತ್ತು ಯಂತ್ರ ನಿಲ್ಲಿಸಬಹುದು ನಿಜ, ಆದರೆ ಬೀಗ ಹಾಕುವ ಮೊದಲು ಒಮ್ಮೆ ಎದ್ದು ನೋಡುವ ಕೆಲಸ ಮನುಷ್ಯರದ್ದೇ.